ಸಿಗಡಿ ಕ್ಲೀನ್ ಮಾಡುವಾಗ ಬೆನ್ನಿನ ಕಪ್ಪು ದಾರ ತೆಗೀಲೇಬೇಕಾ? ಎಷ್ಟು ತೊಳೀಬೇಕು?

ಹೊಸ_ಒಗ್ಗರಣೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸಿಗಡಿ ತಿನ್ನೋದ್ರಲ್ಲಿ ನಾನು ಎತ್ತಿದ ಕೈ, ಕ್ಲೀನ್ ಮಾಡೋದ್ರಲ್ಲಿ ಸೊನ್ನೆ. ಈಗ ಮನೇಲಿ ಆ ಕೆಲ್ಸ ನನ್ನ ತಲೆ ಮೇಲೆ ಬಂದಿದೆ, ಅರ್ಧ ಕೆಜಿ ಮುಗಿಸೋ ಹೊತ್ತಿಗೆ ಸೊಂಟ ಬಿದ್ದು ಹೋಗುತ್ತೆ, ಆಮೇಲೆ ಒಲೆ ಮುಂದೆ ನಿಲ್ಲೋಕೆ ಮನಸ್ಸೇ ಇರಲ್ಲ. ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಅದಕ್ಕೆ ಇಲ್ಲಿ ಹಾಕ್ತಿದೀನಿ.

ಬೆನ್ನ ಮೇಲೆ ಕಪ್ಪು ದಾರ ಇರುತ್ತಲ್ಲ, ಅದನ್ನ ತೆಗೀಲೇಬೇಕಾ? ತೆಗೀದೆ ತಿಂದ್ರೆ ಹೊಟ್ಟೆ ಕೆಡುತ್ತೆ ಅಂತ ಒಬ್ರು, ಏನೂ ಆಗಲ್ಲ ಸುಮ್ನೆ ತಿನ್ನಿ ಅಂತ ಇನ್ನೊಬ್ರು. ಹೊಟ್ಟೆ ಕಡೆನೂ ಒಂದು ತೆಳು ಗೆರೆ ಕಾಣ್ಸುತ್ತೆ, ಅದನ್ನೂ ಕೀಳ್ಬೇಕಾ? ಕೆಲವುದ್ರಲ್ಲಿ ಬೆನ್ನು ಸೀಳಿದ್ರೂ ಏನೂ ಸಿಗಲ್ಲ, ಇನ್ನು ಕೆಲವುದ್ರಲ್ಲಿ ಕಪ್ಪು ದಾರದ ಬದ್ಲು ಹಸಿರು ಹಸಿರಾಗಿ ದಪ್ಪಗೆ ಏನೋ ಇರುತ್ತೆ, ಕೆಟ್ಟಿದೆ ಅಂತ ಎಸೀಬೇಕಾ ಗೊತ್ತಾಗ್ತಿಲ್ಲ.

ಮತ್ತೆ ತೊಳೆಯೋದು. ವಾಸನೆ ಹೋಗ್ಲಿ ಅಂತ ಉಪ್ಪು ಹಾಕಿ ಉಜ್ಜಿ, ನಿಂಬೆರಸದಲ್ಲಿ ನೆನೆಸಿ, ಬಿಸಿನೀರಲ್ಲಿ ಅದ್ದಿ ಅಂತೆಲ್ಲಾ ಹೇಳ್ತಾರೆ. ಇದ್ರಲ್ಲಿ ಯಾವುದು ಬೇಕು ಯಾವುದು ಬೇಡ? ಬೇಯಿಸಿದ್ಮೇಲೆ ಒಂದ್ಸಲ ರಬ್ಬರ್ ಥರ, ಇನ್ನೊಂದ್ಸಲ ಬಾಯಿಗಿಟ್ರೆ ಪಿಚಪಿಚ ಅನ್ನೋ ಥರ ಬರ್ತಿದೆ. ಇದು ಕ್ಲೀನ್ ಮಾಡೋದ್ರಲ್ಲಿ ಆಗ್ತಿರೋದಾ ಬೇಯಿಸೋದ್ರಲ್ಲಿ ಆಗ್ತಿರೋದಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

---

ಕತ್ತರಿ_ಕೈ

ಮೊದ್ಲು ಚಾಕು ಪಕ್ಕಕ್ಕಿಡಿ. ತುದಿ ಚೂಪಾಗಿರೋ ಸಣ್ಣ ಕತ್ತರಿ ತಗೊಳಿ, ಅರ್ಧ ಕೆಲ್ಸ ಅಲ್ಲೇ ಕಮ್ಮಿ ಆಗುತ್ತೆ.

ತಲೆನ ಒಂದು ಕೈಲಿ, ಮೈನ ಇನ್ನೊಂದು ಕೈಲಿ ಹಿಡ್ದು ಸ್ವಲ್ಪ ತಿರುಚಿ ಎಳೀರಿ, ಕಳಚ್ಕೊಂಡು ಬರುತ್ತೆ, ಎಷ್ಟೋ ಸಲ ಕಪ್ಪು ದಾರನೂ ತಲೆ ಜೊತೇಲೇ ಎಳ್ಕೊಂಡು ಬಂದ್ಬಿಡುತ್ತೆ. ಬರ್ಲಿಲ್ಲ ಅಂದ್ರೆ ತಲೆ ಇದ್ದ ಜಾಗದಿಂದ ಕತ್ತರಿಯ ಕೆಳಗಿನ ಅಲಗನ್ನ ಬೆನ್ನಿನ ಸಿಪ್ಪೆ ಒಳಗೆ ತೂರಿಸಿ ಬಾಲದ ಹಿಂದಿನ ಗೆಣ್ಣಿನ ತನಕ ನೇರವಾಗಿ ಕತ್ತರಿಸ್ಕೊಂಡು ಹೋಗಿ, ಸಿಪ್ಪೆ ಜೊತೆ ಮಾಂಸನೂ ಎರಡು ಮೂರು ಮಿಲಿಮೀಟರ್ ಸೀಳ್ಕೊಳ್ಳುತ್ತೆ, ದಾರ ಎದುರಿಗೇ ಕಾಣುತ್ತೆ, ಕತ್ತರಿ ತುದೀಲೇ ಎತ್ತಿ ಎಳೀರಿ. ಆಮೇಲೆ ಸಿಪ್ಪೆನ ಎರಡೂ ಕಡೆ ಬಿಡಿಸಿದ್ರೆ ಹೊಟ್ಟೆ ಕೆಳಗಿನ ಕಾಲೂ ಅದ್ರ ಜೊತೇಲೇ ಬರುತ್ತೆ. ಬಾಲ ಬೇಕು ಅಂದ್ರೆ ಕೊನೇ ಗೆಣ್ಣು ಬಿಡಿ, ಬೇಡ ಅಂದ್ರೆ ಬಾಲದ ಬುಡನ ಬೆರಳಲ್ಲಿ ಗಟ್ಟಿಯಾಗಿ ಹಿಂಡಿ ಎಳೀರಿ, ತುದೀಲಿರೋ ಮಾಂಸ ಸಿಪ್ಪೇಲಿ ಉಳೀದೆ ಪೂರ್ತಿ ಆಚೆ ಬರುತ್ತೆ.

ಸಿಪ್ಪೆ ಸಮೇತ ಬೇಯಿಸ್ಬೇಕು, ಬೆನ್ನು ಸೀಳೋದು ಬೇಡ ಅಂದ್ರೆ ಟೂತ್‌ಪಿಕ್ ಸಾಕು. ಸಿಗಡಿನ ಬಗ್ಗಿಸಿ ಹಿಡ್ದು ಬೆನ್ನಿನ ಎರಡು ಗೆಣ್ಣಿನ ನಡುವೆ, ದಾರಕ್ಕಿಂತ ಸ್ವಲ್ಪ ಕೆಳಗೆ ಅಡ್ಡಡ್ಡ ಚುಚ್ಚಿ ನಿಧಾನಕ್ಕೆ ಮೇಲೆತ್ತಿ. ನಿಧಾನಕ್ಕೆ ಅಂದ್ರೆ ನಿಧಾನಕ್ಕೆ, ಅವಸರ ಪಟ್ರೆ ತುಂಡಾಗುತ್ತೆ, ಆಗ ಒಂದು ಗೆಣ್ಣು ಕೆಳಗೆ ಬಂದು ಮತ್ತೆ ಚುಚ್ಚಬೇಕು.

ಇನ್ನೊಂದು, ಒಂದೊಂದನ್ನೇ ಪೂರ್ತಿ ಮುಗಿಸ್ತಾ ಕೂರ್ಬೇಡಿ. ಮೊದ್ಲು ಎಲ್ಲದ್ರ ತಲೆ, ಆಮೇಲೆ ಎಲ್ಲದ್ರ ಬೆನ್ನು ಕತ್ತರಿಸೋದು, ಆಮೇಲೆ ದಾರ. ಕೈಗೆ ಒಂದು ಲಯ ಸಿಕ್ಕಿದ್ರೆ ಅರ್ಧ ಕೆಜಿ ಏನೂ ಅನ್ಸಲ್ಲ. ನಿಂತ್ಕೊಂಡು ಮಾಡ್ಬೇಡಿ ಮಾರಾಯ್ರೆ, ಟೇಬಲ್ ಮುಂದೆ ಕೂತ್ಕೊಂಡು ಮಾಡಿ, ಸೊಂಟಕ್ಕೂ ಒಳ್ಳೇದು.

---

ಐಸ್_ಪೆಟ್ಟಿಗೆ

ಸೀಫುಡ್ ಪ್ರೊಸೆಸಿಂಗ್ ಯೂನಿಟ್ ಒಂದ್ರಲ್ಲಿ ಕ್ವಾಲಿಟಿ ವಿಭಾಗದಲ್ಲಿ ಇದ್ದೋನು ನಾನು, ಆದ್ರಿಂದ ಉತ್ತರ ಸ್ವಲ್ಪ ಉದ್ದ ಆಗ್ಬಹುದು, ಸಹಿಸ್ಕೊಳಿ.

ಬೆನ್ನ ಮೇಲಿರೋದು ದಾರನೂ ಅಲ್ಲ ನರನೂ ಅಲ್ಲ, ಅದು ಕರುಳು. ಸಿಗಡಿ ತಿಂದಿದ್ದು ಅದ್ರೊಳಗಿರುತ್ತೆ, ಅದಕ್ಕೇ ಕಪ್ಪಾಗಿ ಕಾಣೋದು. ಸರಿಯಾಗಿ ಬೇಯಿಸಿದ್ರೆ ಅದ್ರಲ್ಲಿರೋ ಬ್ಯಾಕ್ಟೀರಿಯಾ ಸಾಯುತ್ತೆ, ಹಾಗಾಗಿ ತಿಂದ್ರೆ ಹೊಟ್ಟೆ ಕೆಟ್ಟೇ ಕೆಡುತ್ತೆ ಅನ್ನೋದು ಸುಳ್ಳು. ಆದ್ರೆ ದೊಡ್ಡ ಸಿಗಡೀಲಿ ಕರುಳು ತುಂಬಿದ್ರೆ ಹಲ್ಲಿಗೆ ಮರಳು ಸಿಕ್ಕ ಹಾಗೆ ಕರಕರ ಅನ್ನುತ್ತೆ, ಸ್ವಲ್ಪ ಕಹಿ ಅಥವಾ ಕೆಸರಿನ ರುಚಿನೂ ಬರ್ಬಹುದು. ತೆಗೆಯೋದು ಮುಖ್ಯವಾಗಿ ರುಚಿಗೆ, ಕಣ್ಣಿಗೆ. ನಿಮಗೆ ಕೆಲವುದ್ರಲ್ಲಿ ಏನೂ ಸಿಗ್ತಿಲ್ಲ ಅಂದ್ರಲ್ಲ, ಅವುಗಳ ಕರುಳು ಖಾಲಿ ಇದೆ ಅಷ್ಟೆ. ಸಾಕಣೆ ಕೊಳದಲ್ಲಿ ಹಿಡಿಯೋ ಮುಂಚೆ ಮೇವು ನಿಲ್ಸಿದ್ರೆ ಕರುಳು ಖಾಲಿಯಾಗಿ ಪಾರದರ್ಶಕ ಆಗಿರುತ್ತೆ. ಕಾಣ್ಲಿಲ್ಲ ಅಂದ್ರೆ ಹುಡುಕ್ತಾ ಮಾಂಸ ಬಗೆಯೋಕೆ ಹೋಗ್ಬೇಡಿ.

ಹೊಟ್ಟೆ ಕಡೆ ಇರೋದು ನಿಜವಾದ ನರ, ನಮಗೆ ಬೆನ್ನುಹುರಿ ಹೇಗೋ ಅದಕ್ಕೆ ಅದು, ಹೊಟ್ಟೆ ಕೆಳಗೆ ಹಾದು ಹೋಗುತ್ತೆ. ಅದ್ರಲ್ಲಿ ಕಸ ಇರಲ್ಲ, ಮುಟ್ಟೋದೇ ಬೇಡ. ಅಲ್ಲೂ ಕಪ್ಪಗೆ ಕಾಣ್ತಿದೆ, ನೋಡೋಕೆ ಚೆನ್ನಾಗಿಲ್ಲ ಅಂದ್ರೆ ತೆಗೀರಿ, ಅಡ್ಡಿ ಇಲ್ಲ.

ಹಸಿರಾಗಿ ದಪ್ಪಗಿರೋದು ಕೆಟ್ಟಿದ್ದಲ್ಲ. ಅದು ಹೆಣ್ಣು ಸಿಗಡಿಯ ಮೊಟ್ಟೆ. ತಲೆ ಹತ್ರ ಅಗಲವಾಗಿದ್ದು ಬೆನ್ನುದ್ದಕ್ಕೂ ಬಾಲದ ಕಡೆ ಸಣ್ಣಗಾಗ್ತಾ ಹೋಗುತ್ತೆ, ಬೇಯಿಸಿದ್ರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ತಿನ್ನಬಹುದು, ಕೆಲವ್ರು ಅದಕ್ಕೋಸ್ಕರಾನೇ ಕಾಯ್ತಾರೆ. ಕರುಳು ಅದ್ರ ಕೆಳಗಿರುತ್ತೆ, ನೋಡ್ಕೊಂಡು ತೆಗೀರಿ.

ಈಗ ಯಾರೂ ಕೇಳದ ಆದ್ರೆ ದಾರಕ್ಕಿಂತ ಮುಖ್ಯವಾದ ವಿಷ್ಯ, ತಲೆ. ಸಿಗಡಿಯ ತಲೆ ಒಳಗೆ ಜೀರ್ಣ ಮಾಡೋ ಗ್ರಂಥಿ ಇದೆ, ಹಳದಿ ಕಂದು ಬಣ್ಣದಲ್ಲಿ ಪೇಸ್ಟ್ ಥರ ಕಾಣುತ್ತಲ್ಲ ಅದೇ. ಸಿಗಡಿ ಸತ್ತ ಮೇಲೆ ಆ ಗ್ರಂಥಿ ಒಡ್ದು ಅದ್ರೊಳಗಿನ ಕಿಣ್ವಗಳು ಪಕ್ಕದ ಮಾಂಸನ ಕರಗಿಸೋಕೆ ಶುರು ಮಾಡುತ್ತೆ, ತಲೆ ಕಡೆಯಿಂದ ಮಾಂಸ ಮೆತ್ತಗಾಗ್ತಾ ಬರುತ್ತೆ. ನಿಮ್ಮ ಪಿಚಪಿಚಕ್ಕೆ ಒಂದು ದೊಡ್ಡ ಕಾರಣ ಇದೇ ಇರ್ಬೇಕು. ಇಡೀ ಸಿಗಡಿ ತಂದು ಹಾಗೇ ಫ್ರಿಜ್‌ನಲ್ಲಿ ಇಟ್ಟು ಮಾರನೇ ದಿನ ಕ್ಲೀನ್ ಮಾಡೋಣ ಅನ್ನೋದಾದ್ರೆ, ತಲೆನಾದ್ರೂ ತಂದ ಕೂಡ್ಲೇ ತೆಗೆದಿಡಿ. ಸಿಪ್ಪೆ ಇದ್ರೆ ಪರ್ವಾಗಿಲ್ಲ, ಅದು ಮಾಂಸ ಒಣಗದ ಹಾಗೆ ಕಾಪಾಡುತ್ತೆ.

ತೊಳೆಯೋದು ತುಂಬಾ ಕಮ್ಮಿ ಸಾಕು. ಸಿಗಡಿಯ ಸಿಹಿ ರುಚಿ ಅದ್ರ ಮಾಂಸದಲ್ಲಿ ಬಿಡಿಯಾಗಿರೋ ಗ್ಲೈಸಿನ್ ಥರದ ಅಮೈನೋ ಆಸಿಡ್‌ಗಳಿಂದ ಬರೋದು, ಅವೆಲ್ಲಾ ನೀರಲ್ಲಿ ಕರಗುತ್ತೆ. ಸಿಪ್ಪೆ ಬಿಡಿಸಿದ ಮಾಂಸನ ಸಾದಾ ನೀರಲ್ಲಿ ನೆನೆ ಹಾಕಿದ್ರೆ ರುಚಿ ನೀರಿಗೆ ಹೋಗುತ್ತೆ, ನೀರು ಮಾಂಸಕ್ಕೆ ಹೋಗುತ್ತೆ. ಸಿಪ್ಪೆ ಇರುವಾಗ್ಲೇ ತಣ್ಣೀರಲ್ಲಿ ಒಮ್ಮೆ ಜಾಲಾಡಿ, ಕರುಳು ತೆಗೆದ ಮೇಲೆ ಬೆನ್ನಿನ ಸೀಳನ್ನ ಇನ್ನೊಮ್ಮೆ ಬೇಗ ಜಾಲಾಡಿ, ಬಟ್ಟೆ ಅಥವಾ ಟಿಶ್ಯೂ ಮೇಲೆ ಹರಡಿ ಒತ್ತಿ ಒರೆಸಿ. ಬಿಸಿನೀರು ಖಂಡಿತ ಬೇಡ, ಮೇಲ್ಗಡೆ ಅರೆಬೆಂದು ಒಳಗೆ ಹಸಿ ಉಳಿಯುತ್ತೆ. ನಲ್ಲಿ ಜೋರಾಗಿ ಬಿಟ್ಕೊಂಡು ತೊಳೀಬೇಡಿ, ಆ ಹನಿಗಳು ಸುತ್ತ ಇರೋ ಪಾತ್ರೆ, ತರಕಾರಿ ಮೇಲೆಲ್ಲಾ ಹಾರುತ್ತೆ.

ವಾಸನೆ ಬಗ್ಗೆ ಹೇಳೋದಾದ್ರೆ, ತಾಜಾ ಸಿಗಡೀಲಿ ಸಮುದ್ರದ ಸೌಮ್ಯ ವಾಸನೆ ಬಿಟ್ರೆ ಬೇರೇನೂ ಇರಬಾರ್ದು. ಮೂಗಿಗೆ ಚುಚ್ಚೋ ಅಮೋನಿಯಾ ವಾಸನೆ ಇದ್ರೆ ಯಾವ ಉಪ್ಪೂ ಯಾವ ನಿಂಬೆನೂ ಅದನ್ನ ಸರಿ ಮಾಡಲ್ಲ, ಎಸೀಬೇಕು ಅಷ್ಟೆ.

---

ಉಪ್ಪು_ಖಾರ

ಐಸ್_ಪೆಟ್ಟಿಗೆ ಸರ್ ಚೆನ್ನಾಗಿ ಹೇಳಿದ್ರಿ. ನನ್ನದೊಂದು ಸೇರ್ಸ್ತೀನಿ, ಕಿರುಬೆರಳಿಗಿಂತ ಸಣ್ಣ ಸಿಗಡಿಗೆ ದಾರ ತೆಗೆಯೋ ಕೆಲ್ಸಕ್ಕೇ ಹೋಗ್ಬೇಡಿ. ಅದ್ರ ಕರುಳು ಕೂದಲೆಳೆ ಥರ ಇರುತ್ತೆ, ತಿನ್ನುವಾಗ ಗೊತ್ತೂ ಆಗಲ್ಲ, ಅದನ್ನ ಕೀಳೋಕೆ ಹೋದ್ರೆ ಸಿಗಡಿನೇ ಎರಡು ಹೋಳಾಗುತ್ತೆ. ತಲೆ ಸಿಪ್ಪೆ ತೆಗೀರಿ ಸಾಕು.

---

ಮನೆಯೊಡತಿ_ಅಲ್ಲ

@ಉಪ್ಪು_ಖಾರ ನಾನು ಒಪ್ಪಲ್ಲ. ಅದು ಕರುಳು, ಅದ್ರೊಳಗೆ ಇರೋದು ಏನು ಅಂತ ಗೊತ್ತಾದ್ಮೇಲೆ ಬಾಯಿಗಿಡೋದು ಹೇಗೆ ರೀ? ಸಣ್ಣದಾಗ್ಲಿ ದೊಡ್ಡದಾಗ್ಲಿ ನಾನು ತೆಗೀತೀನಿ, ಹೊತ್ತಾಗುತ್ತೆ ಅಂತ ಗೊತ್ತು, ಟಿವಿ ಮುಂದೆ ಕೂತ್ಕೊಂಡು ತೆಗೀತೀನಿ.

---

ಉಪ್ಪು_ಖಾರ

ಅಕ್ಕಾ ನೀವು ತೆಗೀರಿ, ಬೇಡ ಅಂದೋರು ಯಾರು. ಒಣಗಿಸಿದ ಸಣ್ಣ ಸಿಗಡೀಲಿ ಯಾರೂ ಒಂದೊಂದ್ರ ಬೆನ್ನು ಸೀಳಿ ಕೂತಿರಲ್ಲ, ಅದನ್ನ ನಾವೆಲ್ಲಾ ತಿಂತಾನೇ ಇದೀವಿ. ಆದ್ರೆ ಅದನ್ನ ಟಿವಿ ಮುಂದೆ ಇಟ್ಕೊಂಡು ಗಂಟೆಗಟ್ಲೆ ಕೂರ್ಬೇಡಿ, ಹಸಿ ಸಿಗಡಿ ಹೊರಗೆ ಎರಡು ಗಂಟೆ ಮೀರಿ ಇರಬಾರ್ದು, ಸೆಕೆ ಜಾಸ್ತಿ ಇದ್ರೆ ಒಂದೇ ಗಂಟೆ.

---

ಐಸ್_ಪೆಟ್ಟಿಗೆ

ಇದು ಸರಿಯಾದ ಮಾತು. ಪಕ್ಕದಲ್ಲಿ ಐಸ್ ಇಟ್ಕೊಳಿ. ತೂತಿನ ಪಾತ್ರೆಗೆ ಐಸ್ ಹಾಕಿ ಅದ್ರ ಮೇಲೆ ಸಿಗಡಿ, ಕೆಳಗೆ ಒಂದು ಬೋಗುಣಿ, ಕರಗಿದ ನೀರು ಕೆಳಗೆ ಇಳೀಬೇಕು, ಸಿಗಡಿ ಆ ನೀರಲ್ಲಿ ಮುಳುಗಿರಬಾರ್ದು. ಒಂದೊಂದು ಹಿಡಿ ತೆಗೆದು ಕ್ಲೀನ್ ಮಾಡಿ ಮತ್ತೆ ಐಸ್ ಮೇಲೆ. ತಣ್ಣಗಿದ್ದಷ್ಟೂ ಮಾಂಸ ಬಿಗಿಯಾಗಿರುತ್ತೆ, ದಾರ ತುಂಡಾಗದೆ ಉದ್ದಕ್ಕೆ ಬರುತ್ತೆ, ಅಂದ್ರೆ ಕೆಲ್ಸನೂ ಬೇಗ ಆಗುತ್ತೆ. ಕ್ಲೀನ್ ಮಾಡಿದ್ದನ್ನ ಫ್ರಿಜ್‌ನಲ್ಲಿ 4 ಡಿಗ್ರಿಗಿಂತ ಕೆಳಗೆ ಇಟ್ರೆ ಒಂದು, ಹೆಚ್ಚಂದ್ರೆ ಎರಡು ದಿನ. ಅಷ್ಟ್ರೊಳಗೆ ಅಡುಗೆ ಆಗ್ಬೇಕು.

---

ಹೊಸ_ಒಗ್ಗರಣೆ

ಎಲ್ರಿಗೂ ತುಂಬಾ ಥ್ಯಾಂಕ್ಸ್, ತಲೆ ವಿಷ್ಯ ನನಗೆ ಯಾರೂ ಹೇಳೇ ಇರ್ಲಿಲ್ಲ. ಇನ್ನೊಂದು ಡೌಟು, ತಾಜಾ ಸಿಗದೇ ಇದ್ದಾಗ ಫ್ರೋಜನ್ ಪ್ಯಾಕೆಟ್ ತರ್ತೀನಿ, ಅದ್ರ ಮೇಲೆ 31/40 ಅಂತ, 16/20 ಅಂತ, ಪಿಡಿ, ಪಿಯುಡಿ ಅಂತೆಲ್ಲಾ ಇರುತ್ತೆ, ಅದೇನು? ಅದನ್ನ ಕರಗಿಸೋದು ಹೇಗೆ? ಹೊರಗಿಟ್ರೆ ಹೊತ್ತಾಗುತ್ತೆ, ಬಿಸಿನೀರಿಗೆ ಹಾಕಿದ್ರೆ ಬೇಗ ಆಗುತ್ತೆ ಅಲ್ವಾ?

---

ಐಸ್_ಪೆಟ್ಟಿಗೆ

ಬಿಸಿನೀರು ಇಲ್ಲೂ ಬೇಡ ಗುರು, ಬಿಸಿನೀರಿನ ಮೇಲೆ ನಿಮಗ್ಯಾಕೆ ಅಷ್ಟು ಪ್ರೀತಿ?

ಆ ನಂಬರ್ ಅಂದ್ರೆ ಒಂದು ಪೌಂಡ್‌ಗೆ, ಅಂದ್ರೆ 454 ಗ್ರಾಂಗೆ ಎಷ್ಟು ಸಿಗಡಿ ಬರುತ್ತೆ ಅನ್ನೋ ಲೆಕ್ಕ. ನಂಬರ್ ಸಣ್ಣದಿದ್ರೆ ಸಿಗಡಿ ದೊಡ್ಡದು. 16/20 ಅಂದ್ರೆ ಒಂದು ಪೌಂಡ್‌ಗೆ ಹದಿನಾರರಿಂದ ಇಪ್ಪತ್ತು, ಒಂದೊಂದೂ ಹೆಚ್ಚುಕಮ್ಮಿ 23ರಿಂದ 28 ಗ್ರಾಂ ತೂಗುತ್ತೆ. 31/40 ಅಂದ್ರೆ ಮಧ್ಯಮ ಗಾತ್ರ. ಪಿಡಿ ಅಂದ್ರೆ ಸಿಪ್ಪೆನೂ ತೆಗೆದು ಕರುಳೂ ತೆಗೆದಿದ್ದು, ಪಿಯುಡಿ ಅಂದ್ರೆ ಸಿಪ್ಪೆ ಮಾತ್ರ ತೆಗೆದಿದ್ದು, ಕರುಳು ಒಳಗೇ ಇದೆ. ಇದನ್ನ ನೋಡದೆ ತಂದು, ಕ್ಲೀನ್ ಆಗಿದೆ ಅಂತ ಅಂದ್ಕೊಂಡು ನೇರ ಬಾಣಲೆಗೆ ಹಾಕೋರು ಬಹಳ. ಪಿಡಿ ಪಕ್ಕದಲ್ಲಿ ಟಿಓ ಅಂತ ಇದ್ರೆ ಬಾಲ ಉಳಿಸಿದ್ದಾರೆ ಅಂತ ಅರ್ಥ. ಐಕ್ಯೂಎಫ್ ಅಂದ್ರೆ ಒಂದೊಂದನ್ನೂ ಬಿಡಿಬಿಡಿಯಾಗಿ ಫ್ರೀಜ್ ಮಾಡಿದ್ದು, ಮನೆ ಬಳಕೆಗೆ ಅದೇ ಅನುಕೂಲ, ಬೇಕಾದಷ್ಟೇ ತೆಗೀಬಹುದು. ಇಟ್ಟಿಗೆ ಥರ ಒಂದೇ ಗಡ್ಡೆ ಬರೋದಾದ್ರೆ ಪೂರ್ತಿ ಕರಗಿಸ್ಲೇಬೇಕು.

ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟಿ ಓದಿ. ಬರೀ ಸಿಗಡಿ, ಉಪ್ಪು ಅಂತ ಇದ್ರೆ ಒಳ್ಳೇದು. ಫಾಸ್ಫೇಟ್ ಸೇರಿಸಿದ್ರೆ ಮಾಂಸ ನೀರು ಹಿಡ್ಕೊಂಡಿರುತ್ತೆ, ಗಾಜಿನ ಹಾಗೆ ಹೊಳೀತಿರುತ್ತೆ, ಬಾಣಲೆಗೆ ಹಾಕಿದ್ರೆ ನೀರು ಬಿಟ್ಟು ಕುಗ್ಗುತ್ತೆ. ಮೇಲಿರೋ ಐಸ್ ಲೇಪನನೂ ತೂಕದಲ್ಲಿ ಸೇರಿದೆಯಾ ಇಲ್ವಾ ನೋಡ್ಕೊಳಿ, ನಿವ್ವಳ ತೂಕ ಅಂತ ಬೇರೆ ಹಾಕಿರ್ತಾರೆ.

ಕರಗಿಸೋಕೆ ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ತಟ್ಟೇಲಿ ಇಡೋದು ಎಲ್ಲಕ್ಕಿಂತ ಒಳ್ಳೇದು, ಕೆಳಗೆ ಪಾತ್ರೆ ಇರ್ಲಿ, ನೀರು ಸೋರುತ್ತೆ. ಮರ್ತೋಗಿದೆ ಅಂದ್ರೆ ಗಟ್ಟಿಯಾಗಿ ಮುಚ್ಚಿದ ಕವರ್‌ನಲ್ಲಿ ಹಾಕಿ ತಣ್ಣೀರಲ್ಲಿ ಮುಳುಗಿಸಿ, ಬಿಡಿ ಸಿಗಡಿ ಆದ್ರೆ ಅರ್ಧ ಗಂಟೆ ಒಳಗೆ ಕರಗುತ್ತೆ, ನಡುವೆ ಒಮ್ಮೆ ನೀರು ಬದಲಾಯಿಸಿ. ಈ ಥರ ನೀರಲ್ಲಿ ಕರಗಿಸಿದ್ದನ್ನ ಕೂಡ್ಲೇ ಬೇಯಿಸ್ಬೇಕು. ಕರಗಿದ್ದನ್ನ ಹಸಿಯಾಗೇ ಮತ್ತೆ ಫ್ರೀಜ್ ಮಾಡ್ಬೇಡಿ, ಪ್ರತಿ ಸಲ ಹೆಪ್ಪುಗಟ್ಟುವಾಗ ಐಸ್ ಹರಳುಗಳು ಮಾಂಸದ ಎಳೆಗಳನ್ನ ಹರಿಯುತ್ತೆ, ನಿಮ್ಮ ಪಿಚಪಿಚಕ್ಕೆ ಇದೂ ಒಂದು ಕಾರಣ. ತಾಜಾ ಅಂತ ಮಾರೋದ್ರಲ್ಲೂ ಎಷ್ಟೋ ಆಗ್ಲೇ ಒಮ್ಮೆ ಫ್ರೀಜ್ ಆಗಿ ಕರಗಿಸಿದ್ದೇ ಇರುತ್ತೆ, ತಗೊಳ್ಳುವಾಗ ಕೇಳಿ, ಹೌದು ಅಂದ್ರೆ ಮನೇಲಿ ಫ್ರೀಜರ್‌ಗೆ ಹಾಕ್ಬೇಡಿ.

---

ಬಾಣಲೆ_ಬಿಸಿ

ಬೇಯಿಸೋ ಕಡೆಯಿಂದ ನಾನು ಹೇಳ್ತೀನಿ, ಯಾಕಂದ್ರೆ ರಬ್ಬರ್ ಆಗೋದು ತೊಂಬತ್ತು ಪಾಲು ಅಲ್ಲೇ.

ಸಿಗಡಿಗೆ ಬೇಕಾಗಿರೋದು ಎರಡು ಮೂರು ನಿಮಿಷ, ತೀರಾ ದೊಡ್ಡದಾದ್ರೆ ನಾಲ್ಕೈದು. ಹಸಿಯಾಗಿದ್ದಾಗ ಬೂದು ಬಣ್ಣ, ಮಾಂಸ ಅರೆಪಾರದರ್ಶಕ. ಬಿಸಿ ತಾಗಿದಾಗ ಪ್ರೋಟೀನ್ ಜೊತೆ ಅಂಟ್ಕೊಂಡಿದ್ದ ಕೆಂಪು ಬಣ್ಣ ಬಿಡುಗಡೆ ಆಗುತ್ತೆ, ಅದಕ್ಕೇ ಕೆಂಪಾಗೋದು. ಆದ್ರೆ ಹೊರಗೆ ಕೆಂಪಾಯ್ತು ಅಂದ ಮಾತ್ರಕ್ಕೆ ಒಳಗೆ ಬೆಂದಿದೆ ಅಂತಲ್ಲ, ಬೆನ್ನಿನ ಸೀಳಲ್ಲಿ ಅತಿ ದಪ್ಪ ಇರೋ ಜಾಗ ನೋಡಿ, ಅಲ್ಲಿ ಮಾಂಸ ಮಂಜುಮಂಜಾಗಿ ಬಿಳಿ ಆಗಿರ್ಬೇಕು. ಥರ್ಮಾಮೀಟರ್ ಇದ್ರೆ 63 ಡಿಗ್ರಿ. ಆಕಾರನೂ ಹೇಳುತ್ತೆ, ಅರ್ಧಚಂದ್ರದ ಥರ ಬಾಗಿದ್ರೆ ಹದ, ಪೂರ್ತಿ ಸುತ್ಕೊಂಡು ಉಂಗುರ ಆದ್ರೆ ಜಾಸ್ತಿ ಆಯ್ತು. ಗ್ರೇವಿ ಮಾಡೋರು ಮಸಾಲೆ ಪೂರ್ತಿ ಕುದ್ದು ರೆಡಿ ಆದ್ಮೇಲೆ ಕೊನೇಲಿ ಸಿಗಡಿ ಹಾಕಿ, ಒಲೆ ಆರಿಸಿದ ಮೇಲೂ ಒಳಗಿನ ಬಿಸೀಲಿ ಸ್ವಲ್ಪ ಬೇಯುತ್ತೆ ಅನ್ನೋದು ಲೆಕ್ಕದಲ್ಲಿರ್ಲಿ.

ಒದ್ದೆ ಸಿಗಡಿನ ಬಾಣಲೆ ತುಂಬ ಸುರಿದ್ರೆ ಹುರಿಯಲ್ಲ, ಬಿಟ್ಟ ನೀರಲ್ಲೇ ಬೇಯುತ್ತೆ. ಆ ನೀರು ಇಂಗ್ಲಿ ಅಂತ ಕಾಯ್ತೀರ, ಅಷ್ಟ್ರಲ್ಲಿ ರಬ್ಬರ್. ಚೆನ್ನಾಗಿ ಒರೆಸಿ, ಬಾಣಲೆ ಚೆನ್ನಾಗಿ ಕಾಯಿಸಿ, ಒಂದೇ ಪದರದಲ್ಲಿ ಸ್ವಲ್ಪಸ್ವಲ್ಪ ಹಾಕಿ.

ಒಂದು ಉಪಾಯ, ಒರೆಸಿದ ಅರ್ಧ ಕೆಜಿ ಸಿಗಡಿಗೆ ಒಂದು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಕಲೆಸಿ ಫ್ರಿಜ್‌ನಲ್ಲಿ ಹದಿನೈದರಿಂದ ಮೂವತ್ತು ನಿಮಿಷ ಇಡಿ, ಚಮಚ ಅಂದ್ರೆ ಟೀ ಚಮಚ. ಸೋಡಾ ಮಾಂಸದ ಮೇಲ್ಮೈಯ ಆಮ್ಲೀಯತೆ ಕಮ್ಮಿ ಮಾಡುತ್ತೆ, ಬೇಯುವಾಗ ಪ್ರೋಟೀನ್ ಬಿಗಿಯಾಗಿ ಹಿಂಡ್ಕೊಳ್ಳಲ್ಲ, ಉಪ್ಪು ನೀರನ್ನ ಒಳಗೆ ಹಿಡಿದಿಡುತ್ತೆ, ಕಚ್ಚಿದ್ರೆ ಪಟ್ ಅನ್ನೋ ಹಾಗೆ ಬರುತ್ತೆ. ಸೋಡಾ ಜಾಸ್ತಿ ಹಾಕಿದ್ರೆ ಸೋಪಿನ ರುಚಿ, ಅದು ಗಮನದಲ್ಲಿರ್ಲಿ. ಆಮೇಲೆ ಅಡುಗೆಗೆ ಉಪ್ಪು ಹಾಕುವಾಗ ಕೈ ಹಿಡೀರಿ.

ನಿಂಬೆರಸದಲ್ಲಿ ನೆನೆಸೋದು ಹದಿನೈದು ಇಪ್ಪತ್ತು ನಿಮಿಷ ಮೀರಬಾರ್ದು. ಹುಳಿ ಪ್ರೋಟೀನನ್ನ ಬೆಂದ ಹಾಗೆ ಬಿಳಿ ಮಾಡುತ್ತೆ, ಆದ್ರೆ ರೋಗಾಣುಗಳನ್ನ ನಂಬಿಕೆಯಾಗಿ ಕೊಲ್ಲಲ್ಲ, ನೋಡೋಕೆ ಬೆಂದಂಗಿದೆ ಅಂತ ಮೋಸ ಹೋಗ್ಬೇಡಿ. ಹಸಿ ಪಪ್ಪಾಯ, ಅನಾನಸ್, ಹಸಿ ಶುಂಠಿ ಇವುಗಳಲ್ಲಿ ಮಾಂಸ ಕರಗಿಸೋ ಕಿಣ್ವ ಇದೆ, ಗಟ್ಟಿ ಮಾಂಸಕ್ಕೆ ಸರಿ, ಸಿಗಡಿಗೆ ಇದ್ರಲ್ಲಿ ರಾತ್ರಿಯಿಡೀ ಇಟ್ರೆ ಬೆಳಗ್ಗೆ ಅಂಟಂಟು.

---

ಹೊಸ_ಒಗ್ಗರಣೆ

ರಾತ್ರಿ ಶುಂಠಿ ಪೇಸ್ಟ್ ಹಚ್ಚಿಡೋದು ನಮ್ಮನೇಲಿ ಮಾಮೂಲಿ!! ಈಗ ಗೊತ್ತಾಯ್ತು.

---

ಬಾಣಲೆ_ಬಿಸಿ

ಬೇಯಿಸೋ ಅರ್ಧ ಗಂಟೆ ಮುಂಚೆ ಹಚ್ಚಿ ಸಾಕು. ಸಿಗಡಿ ಒಳಗೆ ಮಸಾಲೆ ಇಳಿಯೋಕೆ ರಾತ್ರಿ ಎಲ್ಲಾ ಬೇಕಿಲ್ಲ, ಮಾಂಸ ಅಷ್ಟು ದಪ್ಪ ಇಲ್ಲ.

---

ಸುಮ್ನೆ_ಓದೋಳು

ಮಧ್ಯೆ ಬರ್ತಿದೀನಿ ಕ್ಷಮಿಸಿ. ಸಿಗಡಿ ಕ್ಲೀನ್ ಮಾಡಿದಾಗೆಲ್ಲಾ ನನ್ನ ಕೈ ಕೆಂಪಾಗಿ ತುರಿಕೆ ಶುರು ಆಗುತ್ತೆ, ತಿಂದ್ರೆ ಇಷ್ಟು ದಿನ ಏನೂ ಆಗಿರ್ಲಿಲ್ಲ, ಇತ್ತೀಚೆಗೆ ತುಟಿನೂ ಒಂಥರಾ ಜುಮ್ ಅನ್ನುತ್ತೆ. ಗ್ಲೌಸ್ ಹಾಕ್ಕೊಂಡ್ರೆ ಸಾಕಾ? ಮುಳ್ಳು ಚುಚ್ಚಿದ್ದಕ್ಕೆ ಹೀಗೆ ಆಗ್ತಿದೆ ಅಂತ ಮನೇಲಿ ಹೇಳ್ತಾರೆ.

---

ಬಿಳಿ_ಕೋಟು

ಸುಮ್ನೆ_ಓದೋಳು ಅವ್ರೇ, ಇದನ್ನ ಹಗುರಾಗಿ ತಗೋಬೇಡಿ. ನಾನು ಆಸ್ಪತ್ರೇಲಿ ಕೆಲ್ಸ ಮಾಡೋಳು, ಇಲ್ಲಿ ರೋಗ ಹೇಳೋಕೆ ಆಗಲ್ಲ, ಆದ್ರೆ ತುಟಿ ಜುಮ್ ಅನ್ನೋದು ಸೇರ್ಕೊಂಡಿದೆ ಅಂದ್ರೆ ಅಲರ್ಜಿ ಇರೋ ಸಾಧ್ಯತೆ ಇದೆ, ಪರೀಕ್ಷೆ ಆಗೋ ತನಕ ಸಿಗಡಿ, ಏಡಿ ಎರಡೂ ತಿನ್ಬೇಡಿ. ವರ್ಷಗಟ್ಲೆ ತಿಂದು ಏನೂ ಆಗದೇ ಇದ್ದೋರಿಗೂ ದೊಡ್ಡವರಾದ ಮೇಲೆ ಇದು ಹೊಸದಾಗಿ ಬರುತ್ತೆ. ಹೆಚ್ಚಿನವ್ರಿಗೆ ಇದಕ್ಕೆ ಕಾರಣ ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನು, ಅದು ಬೇಯಿಸಿದ್ರೂ ಹಾಳಾಗಲ್ಲ, ಆದ್ರಿಂದ ಚೆನ್ನಾಗಿ ಬೇಯಿಸಿ ತಿಂತೀನಿ ಅನ್ನೋದು ಪರಿಹಾರ ಅಲ್ಲ. ಕುದಿಯೋ ಹಬೆ ಉಸಿರಾಡಿದ್ರೂ ಕೆಲವ್ರಿಗೆ ತೊಂದ್ರೆ ಆಗುತ್ತೆ. ಗ್ಲೌಸ್ ಚರ್ಮಕ್ಕೆ ಮಾತ್ರ. ಅಲರ್ಜಿ ಡಾಕ್ಟರ್‌ನ ಬೇಗ ನೋಡಿ. ಗಂಟಲು ಬಿಗಿಯೋದು, ಮುಖ ಊದೋದು, ಉಸಿರು ಕಟ್ಟೋದು, ತಲೆ ಸುತ್ತೋದು ಇದ್ರಲ್ಲಿ ಯಾವುದಾದ್ರೂ ಆದ್ರೆ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಮುಳ್ಳು ಚುಚ್ಚೋದು ಬೇರೆ ವಿಷ್ಯ, ಅದೂ ಮುಖ್ಯನೇ. ತಲೆ ಮೇಲಿನ ಗರಗಸದಂಥ ಕೊಂಬು, ಬಾಲದ ಮಧ್ಯದ ಚೂಪು ತುದಿ, ಎರಡೂ ಚುಚ್ಚುತ್ತೆ. ಚುಚ್ಚಿದ ತಕ್ಷಣ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೀರಿ, ಮುಚ್ಚಿಡಿ. ಸಮುದ್ರದ ಜೀವಿಗಳ ಮೇಲಿರೋ ಕೆಲವು ಬ್ಯಾಕ್ಟೀರಿಯಾ ಗಾಯದಿಂದ ಒಳಗೆ ಹೋದ್ರೆ ಜೋರಾಗಿ ಹರಡುತ್ತೆ, ಅದ್ರಲ್ಲೂ ಸಕ್ಕರೆ ಕಾಯಿಲೆ, ಲಿವರ್ ತೊಂದ್ರೆ ಇರೋರಿಗೆ ಅಪಾಯ ಜಾಸ್ತಿ. ಕೆಂಪು ಹರಡ್ತಾ ಹೋಗ್ತಿದೆ, ಊತ, ಜ್ವರ ಇದೆ ಅಂದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ. ಕೈಲಿ ಆಗ್ಲೇ ಗಾಯ ಇದ್ರೆ ಆ ದಿನ ಕ್ಲೀನ್ ಮಾಡೋ ಕೆಲ್ಸ ಬೇರೆಯವ್ರಿಗೆ ಕೊಡಿ.

---

ಸುಮ್ನೆ_ಓದೋಳು

ಥ್ಯಾಂಕ್ಸ್ ಮೇಡಮ್, ಈ ವಾರವೇ ಡಾಕ್ಟರ್ ಹತ್ರ ಹೋಗ್ತೀನಿ.

---

ಕತ್ತರಿ_ಕೈ

ಕೊಂಬಿನ ಮಾತು ಬಂತಲ್ಲ, ತಲೆ ಸಮೇತ ಬೇಯಿಸೋರು ಮೊದ್ಲು ಆ ಕೊಂಬು, ಮೀಸೆ, ಕಾಲು ಇಷ್ಟನ್ನ ಕತ್ತರೀಲಿ ಟ್ರಿಮ್ ಮಾಡಿ. ಕಣ್ಣಿನ ಹಿಂದಕ್ಕೆ ಅಡ್ಡ ಕತ್ತರಿಸಿದ್ರೆ ಕೊಂಬೂ ಹೋಗುತ್ತೆ ಕಣ್ಣೂ ಹೋಗುತ್ತೆ, ಒಳಗಿನ ಹಳದಿ ಹಾಗೇ ಉಳಿಯುತ್ತೆ, ರುಚಿ ಇರೋದೇ ಅದ್ರಲ್ಲಿ. ಹಾಂ, ಸಿಗಡಿ ತುಂಬಾ ತಾಜಾ ಇದ್ರೆ ಮಾತ್ರ.

ಎಣ್ಣೇಲಿ ಕರಿಯೋರಿಗೆ ಒಂದು, ಬಾಲದ ತುದೀಲಿ ನೀರು ಇರುತ್ತೆ, ಕಾದ ಎಣ್ಣೆಗೆ ಬಿದ್ರೆ ಸಿಡಿಯುತ್ತೆ. ಬಾಲದ ರೆಕ್ಕೆ ತುದಿ ಓರೆಯಾಗಿ ಕತ್ತರಿಸಿ, ಕತ್ತರಿ ಬೆನ್ನಲ್ಲಿ ಒತ್ತಿ ಆ ನೀರು ಹಿಂಡಿ ಆಚೆ ತೆಗೀರಿ. ಸಿಗಡಿ ಸುತ್ಕೊಳ್ಳದೆ ನೆಟ್ಟಗೆ ಇರ್ಬೇಕು ಅಂದ್ರೆ ಹೊಟ್ಟೆ ಕಡೆ ಅಡ್ಡಡ್ಡ ಮೂರು ನಾಲ್ಕು ಸಣ್ಣ ಗೀರು ಹಾಕಿ ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ.

---

ಹೊಸ_ಒಗ್ಗರಣೆ

ಕೊನೇ ಎರಡು ಪ್ರಶ್ನೆ, ಬೈಕೋಬೇಡಿ. ಕೆಲವು ಸಿಗಡಿ ಸಿಪ್ಪೆ ಮೇಲೆ, ತಲೆ ಅಂಚಲ್ಲಿ ಕಪ್ಪು ಚುಕ್ಕೆ ಇರುತ್ತೆ, ಅದು ಕೊಳೆತಿರೋದಾ? ಮತ್ತೆ ಇಷ್ಟೊಂದು ತಲೆ ಸಿಪ್ಪೆ ಉಳಿಯುತ್ತಲ್ಲ, ಒಂದು ಕೆಜಿ ತಂದ್ರೆ ಅರ್ಧ ಕಸಕ್ಕೆ ಹೋಗುತ್ತೆ, ಮಾರನೇ ದಿನ ಕಸದ ಡಬ್ಬಿ ಹತ್ರ ಹೋಗೋಕಾಗಲ್ಲ.

---

ಐಸ್_ಪೆಟ್ಟಿಗೆ

ಚುಕ್ಕೆ ಕೊಳೆತಿದ್ದಲ್ಲ. ಕತ್ತರಿಸಿಟ್ಟ ಸೇಬು ಕಂದಾಗುತ್ತಲ್ಲ, ಅದೇ ಥರದ ಕಿಣ್ವದ ಕೆಲ್ಸ, ಗಾಳಿ ತಾಗಿ ಸಿಪ್ಪೇಲಿ ಕಪ್ಪು ಬಣ್ಣ ಹುಟ್ಟುತ್ತೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದು, ವಾಸನೆ ಚೆನ್ನಾಗಿದ್ದು, ಮಾಂಸ ಬಿಗಿ ಇದ್ರೆ ತಿನ್ನಬಹುದು. ಆದ್ರೆ ಹಿಡಿದು ಹೊತ್ತಾಗಿದೆ, ಐಸ್‌ನಲ್ಲಿ ಸರಿಯಾಗಿ ಇಟ್ಟಿಲ್ಲ ಅನ್ನೋದಕ್ಕೆ ಅದು ಗುರುತು, ಆದ್ರಿಂದ ತಗೊಳ್ಳುವಾಗ ಚುಕ್ಕೆ ಇಲ್ಲದ್ದನ್ನೇ ಆರಿಸಿ. ತಲೆ ಜೋಲಾಡ್ತಿದ್ರೆ, ಸಿಪ್ಪೆ ಲೋಳೆಲೋಳೆ ಇದ್ರೆ ಬಿಟ್ಬಿಡಿ. ಈ ಚುಕ್ಕೆ ಬರದ ಹಾಗೆ ಸಲ್ಫೈಟ್ ಬಳಸ್ತಾರೆ, ಮಿತೀಲಿದ್ರೆ ತೊಂದ್ರೆ ಇಲ್ಲ, ಆದ್ರೆ ಆಸ್ತಮಾ ಇರೋರಲ್ಲಿ ಕೆಲವ್ರಿಗೆ ಅದು ಆಗಲ್ಲ, ಅವ್ರು ಪ್ಯಾಕೆಟ್ ಓದಿ ತಗೊಳಿ.

---

ಬಾಣಲೆ_ಬಿಸಿ

ಸಿಪ್ಪೆ ತಲೆ ಎಸೀಬೇಡಿ ಮಾರಾಯ್ರೆ! ತಾಜಾ ಸಿಗಡಿದಾದ್ರೆ ಒಂದು ಚಮಚ ಎಣ್ಣೇಲಿ ಕೆಂಪಾಗಿ ಘಮ ಬರೋ ತನಕ ಹುರೀರಿ, ಮುಳುಗೋವಷ್ಟು ನೀರು ಹಾಕಿ ಸಣ್ಣ ಉರೀಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡಿ, ಸೌಟಲ್ಲಿ ತಲೆಗಳನ್ನ ಜಜ್ಜಿ ಸೋಸಿ. ಗಂಟೆಗಟ್ಲೆ ಕುದಿಸೋದು ಬೇಡ. ಆ ನೀರು ಗ್ರೇವಿಗೆ, ಸೂಪ್‌ಗೆ, ಅನ್ನ ಬೇಯಿಸೋಕೆ ಹಾಕಿ ನೋಡಿ, ಸಿಗಡಿಗಿಂತ ಸಿಗಡಿ ನೀರೇ ರುಚಿ ಅನ್ಸುತ್ತೆ. ಆ ದಿನವೇ ಆಗಲ್ಲ ಅಂದ್ರೆ ಸಿಪ್ಪೆನ ಕವರ್‌ನಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ, ಸ್ವಲ್ಪ ಸೇರಿದ ಮೇಲೆ ಒಟ್ಟಿಗೆ ಮಾಡಿ. ಸಿಗಡಿ ಅಲರ್ಜಿ ಇರೋರಿಗೆ ಮಾತ್ರ ಆ ನೀರೂ ಆಗಲ್ಲ.

---

ಮನೆಯೊಡತಿ_ಅಲ್ಲ

ಎಸೆಯೋದೇ ಆದ್ರೂ ಫ್ರೀಜರ್ ಉಪಾಯ ಬರುತ್ತೆ. ಸಿಪ್ಪೆನ ಎರಡು ಕವರ್‌ನಲ್ಲಿ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕಸದವ್ರು ಬರೋ ದಿನ ಬೆಳಗ್ಗೆ ತೆಗೆದು ಕೊಡಿ, ಡಬ್ಬಿ ವಾಸನೆನೇ ಬರಲ್ಲ. ಸಿಂಕಿನ ಜಾಲರೀಲಿ ಸಿಕ್ಕಿರೋ ಕಾಲು ಮೀಸೆ ಮರೀಬೇಡಿ, ನಾರೋದು ಹೆಚ್ಚಾಗಿ ಅದೇ. ಬೋರ್ಡು, ಕತ್ತರಿ, ಸಿಂಕ್ ಎಲ್ಲಾ ಸೋಪು ಬಿಸಿನೀರಲ್ಲಿ ಉಜ್ಜಿ, ಆಮೇಲೇ ತರಕಾರಿ ಮುಟ್ಟಿ. ಕೈಗೆ ನಿಂಬೆಹೋಳು ಉಜ್ಜಿದ್ರೆ ಆ ನೀಚು ವಾಸನೆ ಇಳಿಯುತ್ತೆ, ಹುಳಿ ತಾಗಿದ್ರೆ ವಾಸನೆ ಹಾರಿ ಮೂಗಿಗೆ ಬರೋದು ನಿಲ್ಲುತ್ತೆ ಅಷ್ಟೆ, ಅದಾದ್ಮೇಲೂ ಸೋಪು ಹಾಕಿ ತೊಳೀಲೇಬೇಕು.

@ಹೊಸ_ಒಗ್ಗರಣೆ ಬಿಸಿನೀರು ಬಳಸೋಕೆ ನಿಮಗೆ ಕೊನೆಗೂ ಒಂದು ಜಾಗ ಸಿಕ್ತು ನೋಡಿ, ಸಿಂಕ್ ತೊಳೆಯೋಕೆ 😄